'ಬ್ರೇಕ್ ಹಿಡೀತೈತೆ' ಅಂದರೆ ಒಳ್ಳೇದೋ ಕೆಟ್ಟದ್ದೋ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಪ್ರಶ್ನೆ ಚಿಕ್ಕದು, ಅದರ ಹಿಂದಿನ ಕತೆ ಸ್ವಲ್ಪ ಉದ್ದ. ಸಹಿಸಿಕೊಳ್ಳಿ.

ಬ್ರೇಕಿನ ಜೊತೆ 'ಹಿಡಿ' ಎಂಬ ಮಾತು ಬಂದರೆ ನಿಮ್ಮ ಕಡೆ ಏನು ಅರ್ಥ? ಬ್ರೇಕ್ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತಲೋ, ಗಾಲಿಯನ್ನು ಬಿಡದೆ ಕಚ್ಚಿಕೊಂಡಿದೆ ಅಂತಲೋ? ನನಗೆ ಇವೆರಡರ ನಡುವೆ ಒಂದು ಮಧ್ಯಾಹ್ನದ ಬಿಸಿಲು ಖರ್ಚಾಯಿತು. ನನಗಲ್ಲ, ನನ್ನ ಅಕ್ಕನ ಮಗನಿಗೆ.

ಭಾವ ಓಡಿಸುತ್ತಿದ್ದ ಬುಲೆಟ್ 350 ಈಗ ಅವನ ಕೈಯಲ್ಲಿದೆ. ಮುಂದಿನ ಗಾಲಿಗೆ ಏಳಿಂಚಿನ ಡ್ರಮ್ ಬ್ರೇಕು. ಲೈನರ್ ಹೊಸದು ಹಾಕಿಸಿದರೂ, ಕೇಬಲ್ ಬಿಗಿ ಮಾಡಿಸಿದರೂ ಅವನಿಗೆ ಸಮಾಧಾನವಿಲ್ಲ. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಹೋಗುವವನು, ಅವನ ಭಯ ಸುಳ್ಳಲ್ಲ. ಅದೇ ಕಂಪನಿಯ ಎಲೆಕ್ಟ್ರಾ ಗಾಡಿಗೆ ಮುಂದೆ 280 ಮಿಲಿಮೀಟರಿನ ಡಿಸ್ಕ್ ಬರುತ್ತಿತ್ತು. ಅದನ್ನು ಇದಕ್ಕೆ ಕೂಡಿಸಬಹುದು ಎಂದು ಕೌಲ್ ಬಜಾರಿನ ನಮ್ಮ ಮೇಸ್ತ್ರಿ ಹೇಳಿದರು. ಗುಜರಿಯಲ್ಲಿ ಆಕ್ಸಿಡೆಂಟ್ ಆದ ಎಲೆಕ್ಟ್ರಾದ ಸಾಮಾನು ಸಿಕ್ಕಿತು. ಡಿಸ್ಕ್ ಪ್ಲೇಟು, ಅದಕ್ಕೆ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್, ಹೋಸ್ ಪೈಪು, ಹ್ಯಾಂಡಲ್ ಮೇಲೆ ಕೂತು ಆಯಿಲನ್ನು ಕ್ಯಾಲಿಪರಿಗೆ ತಳ್ಳುವ ಮಾಸ್ಟರ್ ಸಿಲಿಂಡರ್. ಇಷ್ಟೇ ಸಾಲದು. ಡ್ರಮ್ ಗಾಡಿಯ ಶಾಕಪ್ಸರಿಗೆ ಕ್ಯಾಲಿಪರ್ ಬೋಲ್ಟ್ ಮಾಡುವ ಕಿವಿಗಳೇ ಇರುವುದಿಲ್ಲ. ಹಾಗಾಗಿ ಶಾಕಪ್ಸರಿನ ಕೆಳಗಿನ ಭಾಗವೂ ಗಾಲಿಯ ಹಬ್ಬೂ ಎಲೆಕ್ಟ್ರಾದ್ದೇ ಬೇಕು. ಎಲ್ಲ ಬಂತು. ಕೈಲಿವರ್ ಮಾತ್ರ ಮುರಿದಿತ್ತು. ಅದಕ್ಕೆ ಬೇರೆ ಯಾವುದೋ ಬೈಕಿನ ಲಿವರ್ ಹಾಕಿದರು. ಈ ಲಿವರನ್ನು ನೆನಪಿಟ್ಟುಕೊಳ್ಳಿ.

ಆ ದಿನ ನಾನು ಹೊಸಪೇಟೆ ಬಸ್ಸಿನಲ್ಲಿದ್ದೆ. ಮೇಸ್ತ್ರಿ ಫೋನ್ ಮಾಡಿದರು. "ಸಾರ್, ಎಲ್ಲಾ ಕೂಡ್ಸೀನಿ. ಏರ್ ತೆಗ್ದೀನಿ. ಬ್ರೇಕ್ ಹಿಡೀತೈತೆ." ನನಗೆ ಖುಷಿ. "ಭಾಳ ಚಲೋ ಆತು, ಹುಡುಗಗ ಗಾಡಿ ಕೊಟ್ಟುಬಿಡ್ರಿ" ಅಂದೆ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ "ಆತು ಸಾರ್" ಎಂದು ಫೋನ್ ಇಟ್ಟರು.

ಹುಡುಗ ಕುಡಿತಿನಿ ದಾಟುವಷ್ಟರಲ್ಲಿ ಗಾಡಿ ಎಳೆಯುವುದನ್ನೇ ಬಿಟ್ಟಿತು. ಸುಟ್ಟ ವಾಸನೆ. ಡಿಸ್ಕ್ ಮುಟ್ಟುವ ಹಾಗಿಲ್ಲ. ತಳ್ಳಿದರೆ ಮುಂದಿನ ಗಾಲಿ ಅಲುಗುವುದಿಲ್ಲ. ಜಾಲಿ ಗಿಡದ ನೆರಳಲ್ಲಿ ಅರ್ಧ ಗಂಟೆ ಕೂತ. ತಣ್ಣಗಾದ ಮೇಲೆ ಅದೇ ಬಿಟ್ಟಿತು. ಮೆಲ್ಲಗೆ ವಾಪಸ್ ಬಂದ.

ನಾನು ಮೇಸ್ತ್ರಿಯನ್ನು ಕೇಳಿದರೆ ಅವರು ನನ್ನನ್ನೇ ಕೇಳಿದರು. "ನಾ ಹೇಳಿದ್ನಲ್ಲ ಸಾರ್, ಬ್ರೇಕ್ ಹಿಡೀತೈತೆ ಅಂತ. ನೀವೇ ಕೊಡ್ರಿ ಅಂದ್ರಿ." ಹೊಸ ಪ್ಯಾಡು ಮೊದಮೊದಲು ಸ್ವಲ್ಪ ಉಜ್ಜುವುದುಂಟು, ಓಡುತ್ತಾ ಓಡುತ್ತಾ ಸರಿಹೋಗುತ್ತದೆ, ಇವರಿಗೆ ಅರ್ಜೆಂಟ್ ಇರಬೇಕು ಎಂದುಕೊಂಡರಂತೆ. ನಾನು ಕೇಳಿಸಿಕೊಂಡದ್ದು ಒಳ್ಳೆ ಸುದ್ದಿ, ಅವರು ಹೇಳಿದ್ದು ದೂರು. ಪದ ಒಂದೇ.

ದೋಷ ಆ ಲಿವರಿನದು. ಲಿವರಿನ ಒಳತುದಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಕೈ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಬೇಕು. ಆಗಲೇ ಆಯಿಲ್ ಡಬ್ಬಿಗೆ ದಾರಿಯಾಗುವ ಸಣ್ಣ ತೂತು ತೆರೆದುಕೊಳ್ಳುತ್ತದೆ, ಒಳಗಿನ ಆಯಿಲ್ ಅದರಿಂದ ವಾಪಸ್ ಹೋಗುತ್ತದೆ. ಬೇರೆ ಬೈಕಿನ ಲಿವರಿನ ತುದಿ ಒಂಚೂರು ದಪ್ಪ. ಹಾಗಾಗಿ ಪಿಸ್ಟನ್ನನ್ನು ಯಾವಾಗಲೂ ಒಂಚೂರು ಒತ್ತಿಯೇ ಇಡುತ್ತಿತ್ತು. ತೂತು ಮುಚ್ಚಿಯೇ ಇತ್ತು. ಗಾಡಿ ಓಡಿದಂತೆ ಆಯಿಲ್ ಕಾಯಿತು, ಹಿಗ್ಗಿತು, ಹೋಗಲು ದಾರಿಯಿಲ್ಲ. ಅದು ಕ್ಯಾಲಿಪರಿನ ಪಿಸ್ಟನ್ನನ್ನೇ ಒತ್ತಿತು. ಪ್ಯಾಡು ಇನ್ನಷ್ಟು ಉಜ್ಜಿತು, ಇನ್ನಷ್ಟು ಕಾಯಿತು. ಬಳ್ಳಾರಿಯ ಬೇಸಿಗೆ ತನ್ನ ಪಾಲನ್ನೂ ಸೇರಿಸಿರಬೇಕು. ಎಲೆಕ್ಟ್ರಾದ ಸರಿಯಾದ ಲಿವರ್ ತರಿಸಿ ಹಾಕಿದ ಮೇಲೆ ಒಂದು ತಕರಾರೂ ಇಲ್ಲ. ಬೆರಳಲ್ಲಿ ಎಳೆದರೆ ಮೊದಲು ಸ್ವಲ್ಪ ಖಾಲಿ ಬರುತ್ತದೆ. ಆಮೇಲೆ ಗಟ್ಟಿಯಾಗುತ್ತದೆ. ಆ ಖಾಲಿಗೆ ಮೇಸ್ತ್ರಿ 'ಪ್ಲೇ' ಅನ್ನುತ್ತಾರೆ. ನನಗೆ 'ಬಿಡುವು' ಅನ್ನಬಹುದು ಅನಿಸಿತು. ಹೇಳಿದೆ. ನಕ್ಕರು.

ಇನ್ನು ಮಾತಿನ ವಿಷಯಕ್ಕೆ ಬರುತ್ತೇನೆ. ಆ ದಿನದಿಂದ ಗ್ಯಾರೇಜಿನಲ್ಲಿ ಕೂತು ಕಿವಿಗೊಟ್ಟಿದ್ದೇನೆ. ಬ್ರೇಕ್ ಸರಿಯಾಗಿ ಕೆಲಸ ಮಾಡದಿದ್ದರೆ ನಮ್ಮಲ್ಲಿ ಮೂರು ಥರ ಹೇಳುತ್ತಾರೆ. 'ಬ್ರೇಕ್ ಹಿಡೀವಲ್ದು', 'ಬ್ರೇಕ್ ಹತ್ತವಲ್ದು', 'ಬ್ರೇಕ್ ಬೀಳವಲ್ದು'. ಮೂರಕ್ಕೂ ಅರ್ಥ ಒಂದೇ. 'ವಲ್ದು' ನಮ್ಮ ಕಡೆಯ ಸೊಗಸು. ಒಲ್ಲದು, ಅಂದರೆ ಬ್ರೇಕಿಗೇ ಮನಸ್ಸಿಲ್ಲ.

ಮೂರನೆಯದು ತೆಲುಗಿನ ನೆರಳು ಎಂದು ನನ್ನ ಗುಮಾನಿ. ತೆಲುಗಿನವರು ಬ್ರೇಕ್ 'ಪಡು' ಎನ್ನುತ್ತಾರೆ, ಅಂದರೆ ಬೀಳು. ಬಳ್ಳಾರಿ 1953ರವರೆಗೆ ಮದ್ರಾಸಿನ ಜೊತೆ ಇತ್ತು, ಈಗಲೂ ಅರ್ಧ ಪೇಟೆ ಎರಡು ಭಾಷೆಯಲ್ಲಿ ವ್ಯಾಪಾರ ಮಾಡುತ್ತದೆ. 'ಹತ್ತು' ನೋಡಿ. ಕೌಲ್ ಬಜಾರಿನ ದಖನಿ ಉರ್ದು ಮಾತಿನಲ್ಲಿ 'ಬ್ರೇಕ್ ನೈ ಲಗ್ ರಾ' ಎನ್ನುತ್ತಾರೆ. 'ಲಗ್' ಅಂದರೆ ಅಂಟು, ತಗಲು, ಹತ್ತು. ರಾಯಚೂರು, ಕೊಪ್ಪಳದ ಕಡೆಯವರು 'ಹತ್ತು' ಜಾಸ್ತಿ ಬಳಸುತ್ತಾರೆ ಎಂದು ನನ್ನ ಕಿವಿಗೆ ಅನಿಸಿದೆ. 1956ರವರೆಗೆ ಅದೆಲ್ಲ ಹೈದರಾಬಾದಿನ ಸೀಮೆ. ಹಾಗಂತ 'ಹತ್ತು' ಉರ್ದುವಿನ ಅನುವಾದ ಎಂದು ಹೇಳಲು ನಾನು ತಯಾರಿಲ್ಲ. ಬೆಂಕಿ ಹತ್ತುತ್ತದೆ, ನೆಟ್ಟ ಸಸಿ ಬೇರು ಬಿಟ್ಟರೆ 'ಹತ್ತೈತೆ' ಅನ್ನುತ್ತೇವೆ, ಕೆಲಸಕ್ಕೆ ಕೈ ಹತ್ತುತ್ತದೆ. ಇದು ನಮ್ಮದೇ ಪದದ ನಮ್ಮದೇ ದಾರಿ ಇರಬಹುದು, ಅಲ್ವಾ? ಎರಡು ದಾರಿಗಳೂ ಬ್ರೇಕಿನ ಹತ್ತಿರ ಬಂದು ಕೂಡಿರಬಹುದು. ಬಲ್ಲವರು ಹೇಳಬೇಕು.

ಪೇಚಾಟ ಇರುವುದು 'ಹಿಡಿ'ಯಲ್ಲೇ. 'ಬ್ರೇಕ್ ಹಿಡಿಯೋ!' ಎಂದು ಹಿಂದೆ ಕೂತವನು ಕೂಗಿದರೆ ಹಿಡಿಯುವವನು ಸವಾರ. 'ಬ್ರೇಕ್ ಹಿಡೀತೈತೆ' ಅಂದಾಗ ಹಿಡಿಯುವುದು ಬ್ರೇಕು. ಇಲ್ಲಿಯವರೆಗೆ ಸರಿ. ಆದರೆ ಕನ್ನಡದಲ್ಲಿ ವಸ್ತುಗಳು ತಾವಾಗಿ ಹಿಡಿದರೆ ಸಾಮಾನ್ಯವಾಗಿ ಅದು ಒಳ್ಳೆ ಸುದ್ದಿಯಲ್ಲ. ಮಳೆಗಾಲದಲ್ಲಿ ಬಾಗಿಲು ಹಿಡಿಯುತ್ತದೆ. ಸೊಂಟ ಹಿಡಿಯುತ್ತದೆ. ಕಬ್ಬಿಣಕ್ಕೆ ತುಕ್ಕು, ಮನುಷ್ಯನಿಗೆ ಹುಚ್ಚು, ಗೋಡೆಗೆ ಗೆದ್ದಲು. ಮೇಸ್ತ್ರಿಯ 'ಹಿಡೀತೈತೆ' ಈ ಸಾಲಿನದು. ನಾನು ಕೇಳಿಸಿಕೊಂಡ 'ಹಿಡೀತೈತೆ' 'ಹಿಡಿತ' ಎಂಬ ನಾಮಪದದ ಸಾಲಿನದು, ರಸ್ತೆ ಮೇಲೆ ಟೈರಿನ ಹಿಡಿತ ಇದ್ದ ಹಾಗೆ.

'ಕೊಳ್ಳು' ಸೇರಿಸಿದರೆ ಗೊಂದಲ ಹೋಗುತ್ತದೆ. 'ಬ್ರೇಕ್ ಹಿಡ್ಕೊಂಡೈತೆ' ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅದು ಕೆಟ್ಟದ್ದೇ. ತನ್ನಷ್ಟಕ್ಕೆ ತಾನು ಹಿಡಿದು ಕೂತಿದೆ. ಆದರೆ ಕೆಲಸದ ಗಡಿಬಿಡಿಯಲ್ಲಿ, ಬಾಯಲ್ಲಿ ಬೀಡಿ ಇಟ್ಟುಕೊಂಡು, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಮಾತಾಡುವವರು 'ಕೊಳ್ಳು' ಹಾಕುತ್ತಾ ಕೂರುತ್ತಾರೆಯೇ? ಗ್ಯಾರೇಜಿನ ಇನ್ನೊಬ್ಬ ಹುಡುಗ ಹೇಳುವುದು ನನಗೆ ಇನ್ನೂ ಇಷ್ಟವಾಯಿತು. 'ಹಿಡದ್ರ ಬಿಡವಲ್ದು.' ಒಂದೇ ಉಸಿರಿಗೆ ರೋಗವೂ ಬಂತು, ಲಕ್ಷಣವೂ ಬಂತು.

ಪೇಪರಿನವರದು ಬೇರೆಯೇ ಲೋಕ. ಅಲ್ಲಿ ಅಕ್ರಮಕ್ಕೆ 'ಬ್ರೇಕ್ ಹಾಕುತ್ತಾರೆ', ಕಾಮಗಾರಿಗೆ 'ಬ್ರೇಕ್ ಬೀಳುತ್ತದೆ'. ಬ್ರೇಕು ಹಿಡಿದದ್ದನ್ನಾಗಲಿ ಹತ್ತಿದ್ದನ್ನಾಗಲಿ ತಲೆಬರಹದಲ್ಲಿ ನಾನು ನೋಡಿಲ್ಲ.

ಹಳೆ ಮೈಸೂರಿನ ಗೆಳೆಯರೊಬ್ಬರು 'ಬಿರಿ' ಎಂಬ ಪದ ಕೊಟ್ಟರು. ಗಾಡಿಗೆ ಬಿರಿ ಹಾಕಿದ, ಬಿರಿ ಒತ್ತಿದ ಎಂದು ನಾನೂ ಓದಿದ್ದುಂಟು. ಪದವೇನೋ ಚೆಂದ. ಆದರೆ ನಮ್ಮ ಕಡೆ ಬಿರಿಯುವುದು ಮೊಗ್ಗು, ಬಿಸಿಲಿಗೆ ಬಿಟ್ಟ ನೆಲ. ಗ್ಯಾರೇಜಿಗೆ ಹೋಗಿ 'ಮುಂದಿನ ಬಿರಿ ನೋಡ್ರಿ' ಅಂದರೆ ಮಡ್‌ಗಾರ್ಡ್ ಎಲ್ಲಿ ಬಿರಿದಿದೆ ಎಂದು ಹುಡುಕುತ್ತಾರೆ. ಹಾಗಾಗಿ ಅದನ್ನು ಬಳಸುವ ಧೈರ್ಯ ನನಗಿಲ್ಲ.

ಎರಡನೆಯ ಪ್ರಶ್ನೆ. ಒಂದು ಮಾಡೆಲ್ಲಿನ ಸಾಮಾನು ಇನ್ನೊಂದಕ್ಕೆ ಕೂಡಿಸಿ ಬ್ರೇಕನ್ನು ಸುಧಾರಿಸುವ ಈ ಕೆಲಸಕ್ಕೇ ಒಂದು ಹೆಸರು ಬೇಕು. 'ಅಪ್‌ಗ್ರೇಡ್' ಎಂದು ಹುಡುಗರು ಹೇಳುತ್ತಾರೆ. ಅದನ್ನು 'ಮೇಲ್ದರ್ಜೆಗೇರಿಸುವುದು' ಎಂದು ಬರೆದರೆ ಬುಲೆಟ್ಟು ತಾಲ್ಲೂಕು ಆಸ್ಪತ್ರೆಯಾಗಿಬಿಡುತ್ತದೆ. 'ಮಾರ್ಪಾಡು' ಅಂದರೆ ಆರ್‌ಟಿಓ ಕಚೇರಿ ಕಣ್ಮುಂದೆ ಬರುತ್ತದೆ. ಬರುವುದೂ ನ್ಯಾಯವೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದೇ ಗಾಡಿಯ ಮಾರ್ಪಾಡಿನ ಬಗ್ಗೆ. ಮೇಸ್ತ್ರಿ ಹೇಳುವುದು ಸರಳ, 'ಎಲೆಕ್ಟ್ರಾದ್ದು ಕೂಡಿಸೀನಿ'. 'ಕೂಡಿಸು' ಚೆನ್ನಾಗಿದೆ, ಆದರೆ ಬೇರೆ ಕಡೆಯಿಂದ ತಂದದ್ದು ಎನ್ನುವುದು ಅದರಲ್ಲಿ ಇಲ್ಲ.

ನನಗೆ ಹೊಳೆದದ್ದು 'ಕಸಿ'. ಗಿಡಕ್ಕೆ ಕಸಿ ಮಾಡುತ್ತೇವೆ. ಕಿಡ್ನಿ ಕಸಿ, ಕಣ್ಣಿನ ಕಸಿ ಎಂದು ಆಸ್ಪತ್ರೆಯವರೂ ಎತ್ತಿಕೊಂಡಿದ್ದಾರೆ. 'ಬ್ರೇಕ್ ಕಸಿ' ಯಾಕಾಗಬಾರದು? ಕೊಪ್ಪಳದ ಕಡೆ ಮಾವಿನ ತೋಟ ಇರುವ ನಮ್ಮ ಮಾವನವರಿಗೆ ಹೇಳಿದೆ. ಅವರು ತಕ್ಷಣ ಒಪ್ಪಿದರು, ಒಂದು ಮಾತನ್ನೂ ಸೇರಿಸಿದರು. ಮಾವಿನ ಬೇರಿಗೆ ಮಾವಿನ ಕುಡಿಯೇ ಹತ್ತುತ್ತದೆ, ಬೇವಿನದಲ್ಲ. ಬುಲೆಟ್ಟಿಗೆ ಎಲೆಕ್ಟ್ರಾದ ಸಾಮಾನು ಕೂತದ್ದೂ, ಯಾವುದೋ ಕುಲದ ಲಿವರ್ ಕೂರದೇ ಹೋದದ್ದೂ ಇದೇ ಲೆಕ್ಕ. ಇದರಲ್ಲಿ 'ಹತ್ತು' ಮತ್ತೆ ಬಂತು, ಗಮನಿಸಿದಿರಾ? ಕಸಿಯೂ ಹತ್ತಬೇಕು, ಬ್ರೇಕೂ ಹತ್ತಬೇಕು. ಆದರೆ 'ಕಸಿ' ಅಂದರೆ 'ಕಸಿದುಕೊಳ್ಳು' ಎನ್ನುವುದೂ ಕೇಳಿಸುತ್ತದೆ ಎಂದು ನನ್ನ ಹೆಂಡತಿಯ ತಕರಾರು. ಗುಜರಿಯಲ್ಲಿ ಬಿದ್ದಿದ್ದ ಎಲೆಕ್ಟ್ರಾದ ಕಡೆಯಿಂದ ನೋಡಿದರೆ ಅದೂ ಸುಳ್ಳಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಲ್ಲಿ ಅಪಾಯವಿದೆ. ಬ್ರೇಕ್ ಫ್ಲೂಯಿಡ್ಡಿಗೆ ನಮ್ಮಲ್ಲಿ ಎಲ್ಲರೂ 'ಡಿಸ್ಕ್ ಆಯಿಲ್' ಎನ್ನುತ್ತಾರೆ. ಮೇಲೆ ನಾನೂ ಹಾಗೇ ಬರೆದೆ. ನಿಜಕ್ಕೂ ಅದು ಎಣ್ಣೆಯೇ ಅಲ್ಲ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುವುದು ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಹೀರಿದ ಮೇಲೆ ಆ ಕನಿಷ್ಠ 155ಕ್ಕೆ ಇಳಿಯುತ್ತದೆ. 'ಆಯಿಲ್' ಎಂಬ ಹೆಸರು ನಂಬಿ ಯಾರಾದರೂ ಮನೆಯಲ್ಲಿದ್ದ ಇಂಜಿನ್ ಆಯಿಲನ್ನೇ ಡಬ್ಬಿಗೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಆಗಲೂ ಬ್ರೇಕ್ 'ಹಿಡಿಯುತ್ತದೆ', ಕೆಟ್ಟ ಅರ್ಥದಲ್ಲಿ. 'ಬ್ರೇಕ್ ದ್ರವ' ಎನ್ನುವುದು ಪಠ್ಯಪುಸ್ತಕದ ಮಾತು, ಅಂಗಡಿಯಲ್ಲಿ ನಡೆಯುವುದಿಲ್ಲ. 'ಬ್ರೇಕ್ ನೀರು' ಎಂದರೆ ನೀರೇ ಹಾಕಿಬಿಟ್ಟಾರು! ಇದಕ್ಕೆ ನಿಮ್ಮ ಊರಿನ ಗ್ಯಾರೇಜುಗಳಲ್ಲಿ ಬೇರೆ ಮಾತೇನಾದರೂ ಇದೆಯೇ?

ಇದನ್ನೆಲ್ಲ ಸುಮ್ನೆ ಕೇಳುತ್ತಿಲ್ಲ. ಮೇಸ್ತ್ರಿಯವರು ಗಾಡಿ ಒಪ್ಪಿಸುವಾಗ ಗಿರಾಕಿಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ ಎಂದು ನನಗೆ ಗಂಟುಬಿದ್ದಿದ್ದಾರೆ. ಕುಡಿತಿನಿಯ ಪಾಠ ಅವರಿಗೂ ತಟ್ಟಿದೆ. ಮೂರು ಸಾಲು ಬರೆದಿದ್ದೇನೆ.

ಲಿವರ್ ಎಳೆದರೆ ಮೊದಲು ಸ್ವಲ್ಪ ಖಾಲಿ ಬರಬೇಕು, ಆಮೇಲೆ ಗಟ್ಟಿಯಾಗಬೇಕು. ಮೆತ್ತಗಿದ್ದರೆ ಒಳಗೆ ಏರ್ ಇದೆ.

ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಮುಂದಿನ ಗಾಲಿ ಎತ್ತಿ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು.

ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಮತ್ತೊಮ್ಮೆ ತಿರುಗಿಸಿ. ಆಗಲೂ ಸಲೀಸಾಗಿ ತಿರುಗದಿದ್ದರೆ ಬ್ರೇಕ್ ______, ಮುಂದೆ ಓಡಿಸಬೇಡಿ.

ಆ ಖಾಲಿ ಜಾಗದಲ್ಲಿ ಮೇಸ್ತ್ರಿ 'ಹಿಡೀತೈತೆ' ಬರೀರಿ ಅನ್ನುತ್ತಾರೆ. ಅಕ್ಕನ ಮಗ 'ಜಾಮ್ ಆಗಿದೆ' ಅನ್ನುತ್ತಾನೆ. 'ಹಿಡಿದುಕೊಂಡಿದೆ' ಎಂದು ನನ್ನ ಮನಸ್ಸು. ಆದರೆ ಮಂಡ್ಯದವರೋ ಮಂಗಳೂರಿನವರೋ ಓದಿದರೂ ಅದೇ ಅರ್ಥ ಹೊಳೆಯಬೇಕಲ್ಲ. ಈ ಹಾಳೆ ನಮ್ಮ ಗ್ಯಾರೇಜ್ ದಾಟಿ ಹೋಗುವುದಿಲ್ಲ, ನಿಜ. ಆದರೂ ಜಿಂದಾಲ್ ಕಾರ್ಖಾನೆಗೆ ಎಲ್ಲ ಜಿಲ್ಲೆಯವರೂ ಬಂದಿದ್ದಾರೆ, ಅವರ ಗಾಡಿಗಳೂ ಇಲ್ಲಿಗೇ ಬರುತ್ತವೆ. ನಿಮ್ಮ ಊರಿನ ಹೆಸರಿನ ಜೊತೆ ನಿಮ್ಮ ಮಾತು ಬರೆಯಿರಿ. ಭಾನುವಾರ ಪ್ರಿಂಟ್ ಹಾಕಿಸಬೇಕಂತೆ.