ಅಪ್‌ಡೇಟ್: ಅಮ್ಮ ಸಿಡ್ನಿಗೆ ಬಂದರು

ಕೊವ್ಯಾಕ್ಸಿನ್ ಹಾಕಿಸಿಕೊಂಡಿರುವ ಅಮ್ಮ, ಕೋವಿಡ್‌ನಿಂದ ಗಡಿ ಮುಚ್ಚಿರುವ ಆಸ್ಟ್ರೇಲಿಯಾಕ್ಕೆ ಬರಬಹುದಾ ಎಂದು 2021ರ ಅಕ್ಟೋಬರ್‌ನಲ್ಲಿ ಕೇಳಿದ್ದೆ. ಆಗ ನಮ್ಮ ಎರಡು ಲಸಿಕೆಗಳಲ್ಲಿ ಕೋವಿಶೀಲ್ಡ್‌ಗೆ ಮಾತ್ರ ಇಲ್ಲಿ ಮಾನ್ಯತೆ ಇತ್ತು. ಸ್ವಲ್ಪ ಕಾಯಿರಿ ಎಂದು ಧೈರ್ಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್.

ನವೆಂಬರ್ 1ರಂದು ಕೊವ್ಯಾಕ್ಸಿನ್‌ಗೂ ಒಪ್ಪಿಗೆ ಸಿಕ್ಕಿತು. ಇಲ್ಲಿನ ಪೌರರು ಮತ್ತು ಪಿಆರ್ (ಶಾಶ್ವತವಾಗಿ ನೆಲೆಸುವ ಅನುಮತಿ) ಇರುವವರ ಅಪ್ಪ ಅಮ್ಮನನ್ನು ಪ್ರಯಾಣಕ್ಕೆ ವಿನಾಯಿತಿ ಸಿಗುವ ಹತ್ತಿರದ ಕುಟುಂಬ ಎಂದು ಲೆಕ್ಕಕ್ಕೆ ತೆಗೆದುಕೊಂಡಿದ್ದೂ ಅದೇ ದಿನದಿಂದ. ಅಲ್ಲಿಯವರೆಗೆ ಹೆತ್ತವರು ಆ ಪಟ್ಟಿಯಲ್ಲೇ ಇರಲಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ.

ಆಮೇಲಿನ ತಲೆನೋವು ಕಾಗದಪತ್ರಗಳದ್ದು. ಪ್ರಯಾಣದ ವಿನಾಯಿತಿ ಅರ್ಜಿಗೆ ನನ್ನ ಜನನ ಪ್ರಮಾಣಪತ್ರ ಸೇರಿಸಬೇಕಿತ್ತು. ಅದರಲ್ಲಿ ಅಮ್ಮನ ಹೆಸರು ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ನಮ್ಮ ಕಡೆ ಇನಿಷಿಯಲ್ ಗೊಂದಲ ಗೊತ್ತೇ ಇದೆ ಅಲ್ವಾ? ಅಮ್ಮ ಮೈಸೂರಿನಲ್ಲಿ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಕಳಿಸಿದರು. ಲಸಿಕೆಯ ಸರ್ಕಾರಿ ಪೋರ್ಟಲ್ ಕೋವಿನ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಜೋಡಿಸಿ, ಪೂರ್ತಿ ಹುಟ್ಟಿದ ದಿನಾಂಕ ಇರುವ ಸರ್ಟಿಫಿಕೇಟನ್ನೇ ತೆಗೆದುಕೊಂಡೆವು. ಹಳೆಯದರಲ್ಲಿ ವಯಸ್ಸು ಮಾತ್ರ ಇತ್ತು.

ಹೊರಡುವ ಮೊದಲಿನ 72 ಗಂಟೆಯೊಳಗೆ ಪಿಸಿಆರ್ ಕೋವಿಡ್ ಪರೀಕ್ಷೆ ಆಯಿತು. ಅಷ್ಟರಲ್ಲಿ ಕೋವಿಡ್‌ನ ಹೊಸ ತಳಿ ಒಮಿಕ್ರಾನ್ ಬಂದು, ಸಿಡ್ನಿಗೆ ಇಳಿದವರೆಲ್ಲ 72 ಗಂಟೆ ಪ್ರತ್ಯೇಕವಾಗಿ ಇರಬೇಕು ಎಂದರು. ಡಿಸೆಂಬರ್ ಮೊದಲ ವಾರ ಬಂದ ಅಮ್ಮ ಮೂರು ದಿನ ಕೋಣೆಯೊಳಗೇ ಇದ್ದರು. ಬಾಗಿಲ ಬಳಿ ತಟ್ಟೆ ಇಟ್ಟು ಬರುತ್ತಿದ್ದೆ. ಒಂದೂವರೆ ವರ್ಷದ ಮಗಳು ಆಚೆಯಿಂದ ಬಾಗಿಲು ಬಡಿಯುತ್ತಿದ್ದಳು, ಅಮ್ಮ ಒಳಗಿಂದ ಲಾಲಿ ಹಾಡುತ್ತಿದ್ದರು.

ನಾಲ್ಕನೇ ದಿನ ಬೆಳಗ್ಗೆ ಅವಳು ಅಜ್ಜಿಯ ಮಡಿಲಲ್ಲಿ ಕೂತು ಇಡ್ಲಿ ತಿಂದಳು.