ಮಳೆ ಬಿದ್ದರೆ ಮಿಸ್ ಹೊಡೆಯುವ ಪೆಟ್ರೋಲ್ ಕಾರು: ಎಲ್ಲಿಂದ ಶುರು ಮಾಡಲಿ?

ಹೆಬ್ರಿ_ಟು_ತೀರ್ಥಹಳ್ಳಿ
2001ರ ಗಾಡಿ. 1.3 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್. ಎಂಪಿಎಫ್‌ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ ಥರ) ಹೌದು, ಆದರೆ ಕಿಡಿಯ ಹೈ ವೋಲ್ಟೇಜ್ ಕೊಡುವ ಕಾಯಿಲ್ ಒಂದೇ, ಅದನ್ನು ಸರದಿಯಲ್ಲಿ ಪ್ಲಗ್ಗುಗಳಿಗೆ ಹಂಚುವ ಡೆಲ್ಕೋ (ಡಿಸ್ಟ್ರಿಬ್ಯೂಟರ್) ಇರುವ ಹಳೇ ಥರದ್ದು. ಬೇಸಿಗೆಯಲ್ಲಿ ಏನೂ ತಕರಾರಿಲ್ಲ. ಮಳೆ ಹಿಡಿದ ಮೇಲೆ ಬೆಳಿಗ್ಗೆ ಮೂರ್ನಾಲ್ಕು ಸಲ ಸೆಲ್ಫ್ ಹೊಡೆಯಬೇಕು, ಸ್ಟಾರ್ಟ್ ಆದರೂ ಐಡಲಿಂಗ್‌ನಲ್ಲಿ ಮಿಸ್ ಹೊಡೆದು (ಯಾವುದೋ ಸಿಲಿಂಡರ್ ಉರಿಯದೆ) ಕುಲುಕುತ್ತದೆ. 15 ನಿಮಿಷ ಓಡಿದ ಮೇಲೆ ಸರಿಹೋಗುತ್ತದೆ. ಆದರೆ ಆಗುಂಬೆ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮತ್ತೆ ಜರ್ಕ್. ಪ್ಲಗ್, ಏರ್ ಫಿಲ್ಟರ್ ಎರಡೂ ಹೊಸದು. ಪ್ಲಗ್ ವೈರ್, ಡೆಲ್ಕೋ ಕ್ಯಾಪ್, ಕಾಯಿಲ್ ಮೂರನ್ನೂ ಬದಲಿಸೋಣ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಮೂರೂ ಬೇಕೇ? ಮನೆಯಲ್ಲಿ ಮಲ್ಟಿಮೀಟರ್ ಇದೆ.

ಕಡಲತಡಿ_ಡ್ರೈವರ್
ಪೆಟ್ರೋಲಿಗೆ ನೀರು ಸೇರಿದೆ ಮಾರಾಯ್ರೆ. ಮಳೆಗಾಲದಲ್ಲಿ ಇದು ಇದ್ದದ್ದೇ. ಟ್ಯಾಂಕ್ ಖಾಲಿ ಮಾಡಿಸಿ.

ಸ್ಪಾನರ್_14
ಟ್ಯಾಂಕ್ ಬಿಚ್ಚಿಸುವ ಮೊದಲು ಸ್ವಲ್ಪ ತಡೆಯಿರಿ. ಪೆಟ್ರೋಲಿನಲ್ಲಿ ನೀರಿದ್ದರೆ ಇಂಜಿನ್ ಬಿಸಿಯಾದ ಮಾತ್ರಕ್ಕೆ ಗಾಡಿ ಸರಿಹೋಗುವುದಿಲ್ಲ. ಬಿಸಿಲಿರಲಿ ಮಳೆಯಿರಲಿ ಕಾಟ ಕೊಡುತ್ತದೆ. ಅನುಮಾನ ಉಳಿದರೆ ಫ್ಯೂಯೆಲ್ ಲೈನಿನಿಂದ ಅರ್ಧ ಲೀಟರ್ ತೆಗೆದು ಗಾಜಿನ ಬಾಟಲಿಯಲ್ಲಿ ಒಂದು ಗಂಟೆ ಅಲ್ಲಾಡಿಸದೆ ಇಡಿ. ಈಗಿನ ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲಿನಲ್ಲಿ ನೀರು ಹೆಚ್ಚಾದರೆ ಎಥನಾಲನ್ನೂ ಎಳೆದುಕೊಂಡು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಪದರ ಕಾಣದಿದ್ದರೆ ಆ ಮಾತು ಬಿಡಿ.

ನಿಮ್ಮ ಲಕ್ಷಣ ಎರಡು ಇವೆ, ಎರಡೂ ಕರೆಂಟ್ ಸೋರುತ್ತಿದೆ ಅನ್ನುತ್ತಿವೆ. ರಾತ್ರಿಯ ತೇವ ಡೆಲ್ಕೋ ಕ್ಯಾಪ್ ಒಳಗೆ ಕೂತಿರುತ್ತದೆ, ಇಂಜಿನ್ ಶಾಖಕ್ಕೆ 15 ನಿಮಿಷದಲ್ಲಿ ಆರುತ್ತದೆ. ಅದು ಬೆಳಗಿನ ಕಥೆ. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗಿನ ಒತ್ತಡ ಏರುತ್ತದೆ, ಪ್ಲಗ್ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಆಗ ಕರೆಂಟ್ ತಗ್ಗು ಹುಡುಕುವ ನೀರಿನ ಹಾಗೆ, ಗ್ಯಾಪ್ ದಾಟುವುದಕ್ಕಿಂತ ಒದ್ದೆಯಾದ ವೈರಿನ ಮೈಮೇಲಿಂದ ಇಂಜಿನ್ನಿನ ಲೋಹಕ್ಕೆ ಇಳಿಯುವುದೇ ಸುಲಭ ಅಂತ ಅತ್ತ ಹೋಗುತ್ತದೆ. ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಸರಿ, ಏರಿನಲ್ಲಿ ಮಿಸ್ ಅನ್ನುವುದಕ್ಕೆ ಕಾರಣ ಇದು.

ಎಲ್ಲಿ ಸೋರುತ್ತಿದೆ ಅಂತ ಕಣ್ಣಿಂದಲೇ ನೋಡಬಹುದು. ಮಳೆ ಬಿಟ್ಟ ರಾತ್ರಿ, ಬಯಲಿನಲ್ಲಿ, ಲೈಟ್ ಆರಿಸಿ ಬಾನೆಟ್ ಎತ್ತಿ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲಿ. ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯನ್ನು ಮಂಜು ಬರುವಷ್ಟು ಸಣ್ಣಗೆ ತಿರುಗಿಸಿ. ಮೊದಲು ಒಂದೊಂದೇ ಪ್ಲಗ್ ವೈರಿಗೆ, ಎರಡು ನಿಮಿಷ ಬಿಟ್ಟು ಡೆಲ್ಕೋ ಕ್ಯಾಪಿಗೆ, ಕೊನೆಗೆ ಕಾಯಿಲ್ ತಲೆಗೆ. ಎಲ್ಲಕ್ಕೂ ಒಟ್ಟಿಗೆ ಹೊಡೆದರೆ ಯಾವುದು ಅಂತ ಗೊತ್ತಾಗುವುದಿಲ್ಲ. ಸೋರುವ ಜಾಗದಲ್ಲಿ ನೀಲಿ ಕಿಡಿ ಕಾಣುತ್ತದೆ, ಟಕ್ ಟಕ್ ಸದ್ದು ಬರುತ್ತದೆ, ಜೊತೆಗೇ ಇಂಜಿನ್ ಕುಲುಕುತ್ತದೆ. ಬರೀ ನೀರಿಗೆ ಏನೂ ಆಗದಿದ್ದರೆ ಅರ್ಧ ಲೀಟರಿಗೆ ಕಾಲು ಚಮಚ ಉಪ್ಪು ಹಾಕಿ ಮತ್ತೆ ನೋಡಿ, ಆಮೇಲೆ ಒಳ್ಳೆ ನೀರಲ್ಲಿ ಒರೆಸಿಬಿಡಿ. ಓಡುವ ಇಂಜಿನ್ನಿನ ವೈರ್ ಕೈಯಲ್ಲಿ ಮುಟ್ಟಬೇಡಿ, ಸಾವಿರಾರು ವೋಲ್ಟ್ ಇರುತ್ತದೆ. ಫ್ಯಾನ್, ಬೆಲ್ಟ್ ಹತ್ತಿರ ತೋಳು, ಟವೆಲ್ ಬಿಡಬೇಡಿ.

ಬಾನೆಟ್_ಎತ್ತು
ಮೇಲಿನವರು ಹೇಳಿದ್ದು ಸರಿ. ಮಲ್ಟಿಮೀಟರ್ ಬಗ್ಗೆ ಒಂದು ಎಚ್ಚರಿಕೆ. ವೈರಿನ ಓಮ್ ನೋಡಿ "ವೈರ್ ಸರಿಯಿದೆ" ಅನ್ನುವುದು ತುಂಬಾ ಜನ ಮಾಡುವ ತಪ್ಪು. ಮೀಟರ್ ಕೊಡುವುದು ಕೆಲವೇ ವೋಲ್ಟ್. ಒಳಗಿನ ಕಾರ್ಬನ್ ಎಳೆ ತುಂಡಾಗಿದೆಯೇ ಅಂತ ಅದು ಹೇಳುತ್ತದೆ. ಮೇಲಿನ ರಬ್ಬರ್ ಬಿರುಕು ಬಿಟ್ಟು ಸೋರುವುದನ್ನು ಹೇಳುವುದಿಲ್ಲ. ಆದರೂ ಅಳೆಯಿರಿ. ನಾಲ್ಕರಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಬಹಳ ಹೆಚ್ಚಿದ್ದರೆ, ಇಲ್ಲಾ 25 ಕಿಲೋ ಓಮ್ ದಾಟಿದ್ದರೆ, ಅದು ಹೋಯಿತು.

ಕ್ಯಾಪ್ ಬಿಚ್ಚುವ ಮೊದಲು ವೈರುಗಳಿಗೆ ಟೇಪ್ ಸುತ್ತಿ 1, 2, 3, 4 ಬರೆಯಿರಿ, ಒಂದು ಫೋಟೋನೂ ತೆಗೆಯಿರಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-4-2 ಅಂತ ಗೊತ್ತಿದ್ದೂ ಅದಲುಬದಲು ಮಾಡಿಕೊಂಡು ಅರ್ಧ ದಿನ ಕಳೆಯುವವರಿದ್ದಾರೆ. ಕ್ಯಾಪ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಪಿನ್‌ನಿಂದ ಪಿನ್‌ಗೆ, ಅಥವಾ ಪಿನ್‌ನಿಂದ ಅಂಚಿಗೆ, ಪೆನ್ಸಿಲಿನಲ್ಲಿ ಗೀಚಿದ ಹಾಗೆ ಕೂದಲೆಳೆಯ ಕಪ್ಪು ಗೆರೆ ಇದ್ದರೆ ಅದು ಕಿಡಿ ಓಡಾಡಿ ಮಾಡಿಕೊಂಡ ಕಾಲುದಾರಿ. ಕಾರ್ಬನ್ ಆದ್ದರಿಂದ ಒಣಗಿದರೂ ಕರೆಂಟ್ ಹರಿಯುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿದರೆ ವಾರದಲ್ಲಿ ವಾಪಸ್ ಬರುತ್ತದೆ, ಕ್ಯಾಪ್ ಬದಲಿಸುವುದೇ ಸರಿ. ನಡುವಿನ ಕಾರ್ಬನ್ ಬ್ರಷ್ ಸ್ಪ್ರಿಂಗ್ ಮೇಲೆ ಒಳಗೆ ಹೊರಗೆ ಆಡುತ್ತಿದೆಯೇ ಅಂತಲೂ ನೋಡಿ.

ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಇದ್ದರೆ ಹೊಸ ಪ್ಲಗ್ ಆದರೂ ಎಸೆಯಿರಿ. ಪಾನಾ ಹಿಡಿಯುವ ಷಟ್ಕೋನದ ಹತ್ತಿರ ಸುತ್ತಲೂ ಕಂದು ಕಲೆ ಇದ್ದರೆ ಅದಕ್ಕೆ ಹೆದರಬೇಕಿಲ್ಲ, ಅದು ಮಾಮೂಲು.

ಹೆಬ್ರಿ_ಟು_ತೀರ್ಥಹಳ್ಳಿ
ನಿನ್ನೆ ರಾತ್ರಿ ಮಾಡಿದೆ. 1, 2, 4ನೇ ವೈರಿಗೆ ನೀರು ಹೊಡೆದಾಗ ಏನೂ ಇಲ್ಲ. 3ನೆಯದು ಕ್ಲಿಪ್ಪಿನಿಂದ ಕಳಚಿ ವಾಲ್ವ್ ಕವರಿಗೆ ತಾಗಿಕೊಂಡಿತ್ತು, ತಾಗಿದಲ್ಲೇ ಕಿಡಿ. ಕ್ಯಾಪ್ ಮೇಲೆ ಹೊಡೆದಾಗಲೂ ಇಂಜಿನ್ ಕುಲುಕಿತು, ಕಿಡಿ ಕಾಣಲಿಲ್ಲ. ಬಿಚ್ಚಿದರೆ ಒಳಗೆ ಸಣ್ಣ ನೀರಹನಿ, ಎರಡು ಪಿನ್ ನಡುವೆ ಕಪ್ಪು ಗೆರೆ. ಕಾಯಿಲ್ ಮೇಲೆ ಎಷ್ಟು ಹೊಡೆದರೂ ಏನಾಗಲಿಲ್ಲ. ವೈರ್ 3ನೇದೊಂದೇ ಹಾಕಲೇ, ಸೆಟ್ಟೇ ಹಾಕಲೇ?

ಸ್ಪಾನರ್_14
ಸೆಟ್ಟೇ ಹಾಕಿ. ನಾಲ್ಕೂ ಒಂದೇ ಶಾಖ ತಿಂದ ರಬ್ಬರ್. ಕ್ಯಾಪ್ ಜೊತೆ ಅದರೊಳಗೆ ತಿರುಗುವ ರೋಟರ್ ಕೂಡ ಹೊಸದಿರಲಿ. ಕಾಯಿಲ್ ಮುಟ್ಟಬೇಡಿ.

ಆದರೆ ಕ್ಯಾಪ್ ಒಳಗೆ ನೀರು ಹೇಗೆ ಬಂತು ಅನ್ನುವುದನ್ನು ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಹೊಸ ಕ್ಯಾಪಿಗೂ ಇದೇ ಗತಿ. ಕ್ಯಾಪ್ ಕೂರುವ ಜಾಗದ ರಬ್ಬರ್ ರಿಂಗ್ ಚಪ್ಪಟೆಯಾಗಿದೆಯೇ, ಇದೆಯೇ ಇಲ್ಲವೇ ನೋಡಿ. ಬಿಚ್ಚಿದವರು ವಾಪಸ್ ಹಾಕಲು ಮರೆಯುವ ಮೊದಲ ಸಾಮಾನು ಅದು. ಇಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ, ಮುಂದಿನ ಚಕ್ರದ ಒಳಗಿನ ಲೈನರ್ ಜಾಗದಲ್ಲಿವೆಯೇ? ಇಲ್ಲದಿದ್ದರೆ ಗುಂಡಿಯ ನೀರೆಲ್ಲ ನೇರ ಮೇಲಕ್ಕೆ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದ್ದರೆ ತೆಗೆಯಿರಿ, ಮಲೆನಾಡಿನಲ್ಲಿ ನಿಲ್ಲಿಸುವ ಗಾಡಿಗಳಲ್ಲಿ ಅಲ್ಲಿಂದ ನೀರು ಇಳಿಯುವುದು ತೀರಾ ಸಾಮಾನ್ಯ.

ಮೂರು_ಸಿಲಿಂಡರ್
ನನಗೂ ಇದೇ ಥರದ ತೊಂದರೆ. ನನ್ನದು 2018ರ ಗಾಡಿ, ಡೆಲ್ಕೋ ಇಲ್ಲ, ಪ್ರತಿ ಪ್ಲಗ್ಗಿಗೆ ಒಂದು ಕಾಯಿಲ್. ಇಂಜಿನ್ ವಾಶ್ ಮಾಡಿಸಿದ ದಿನದಿಂದ ಮಿಸ್, ಚೆಕ್ ಇಂಜಿನ್ ಲೈಟ್ ಮಿನುಗುತ್ತದೆ.

ಬಾನೆಟ್_ಎತ್ತು
ಮಿನುಗುತ್ತಿದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನು ಸುಡುತ್ತದೆ. ನಿಮ್ಮ ಗಾಡಿಯಲ್ಲಿ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಬಹುದು: ಪಿ0301, ಪಿ0302, ಪಿ0303 ಬಂದರೆ ಕೊನೆಯ ಅಂಕಿಯೇ ಸಿಲಿಂಡರ್. ಪಿ0300 ಅಂದರೆ ಒಂದಕ್ಕೇ ಸೀಮಿತವಲ್ಲ.

ಇಂಜಿನ್ ತಣ್ಣಗಾದ ಮೇಲೆ ಆ ಸಿಲಿಂಡರಿನ ಕಾಯಿಲ್ ಎಳೆಯಿರಿ. ಪ್ಲಗ್ ಕೂತ ಗುಂಡಿಯಲ್ಲಿ ನೀರು ನಿಂತಿರುವ ಸಾಧ್ಯತೆ ಹೆಚ್ಚು. ಪ್ಲಗ್ ಬಿಚ್ಚುವ ಮೊದಲು ಗಾಳಿ ಹೊಡೆದು ಆರಿಸಿ, ಇಲ್ಲವಾದರೆ ನೀರು, ಮಣ್ಣು ನೇರ ಸಿಲಿಂಡರಿಗೆ. ಆಮೇಲೆ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಬದಲಾಯಿಸಿ: ಕೋಡ್ ಜೊತೆಗೇ ಹೋದರೆ ಕಾಯಿಲ್ ಅಥವಾ ಅದರ ರಬ್ಬರ್ ಬೂಟ್; ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್ ಅಥವಾ ಕನೆಕ್ಟರ್. ಎಷ್ಟೋ ಗಾಡಿಗಳಲ್ಲಿ ಬೂಟ್ ಮಾತ್ರ ಬೇರೆ ಸಿಗುತ್ತದೆ, ಕೇಳಿ ನೋಡಿ. ಹಾಕುವಾಗ ಬೂಟ್ ಬಾಯಿಯ ಒಳಗೆ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯದ) ಸಿಲಿಕಾನ್ ಗ್ರೀಸ್ ತೆಳ್ಳಗೆ ಒಂದು ಸುತ್ತು ಸಾಕು.

ಕಡಲತಡಿ_ಡ್ರೈವರ್
ಹಾಗಾದರೆ ಡಬ್ಲ್ಯೂಡಿ-40 ಹೊಡೆದರೆ ಆಗುವುದಿಲ್ಲವಾ?

ಸ್ಪಾನರ್_14
ದಾರಿಯಲ್ಲಿ ನಿಂತರೆ ಮನೆ ಮುಟ್ಟಿಸುತ್ತದೆ, ನೀರನ್ನು ಓಡಿಸುವುದಕ್ಕೇ ಮಾಡಿದ್ದು ಅದು. ಇಂಜಿನ್ ಆಫ್ ಮಾಡಿ, ಬಟ್ಟೆಗೆ ಹೊಡೆದು ಕ್ಯಾಪ್ ಒಳಗೆ ಒರೆಸಿ, ಹತ್ತು ನಿಮಿಷ ತೆರೆದಿಟ್ಟು ಆಮೇಲೆ ಮುಚ್ಚಿ. ಒಳಗೇ ಹೊಡೆದು ಕೂಡಲೇ ಮುಚ್ಚಿ ಸೆಲ್ಫ್ ಹೊಡೆದರೆ ಆ ಆವಿಗೆ ಕಿಡಿ ತಾಗಿ ಕ್ಯಾಪೇ ಹಾರಬಹುದು.

ಹೆಬ್ರಿ_ಟು_ತೀರ್ಥಹಳ್ಳಿ
ರಬ್ಬರ್ ರಿಂಗ್ ಇರಲೇ ಇಲ್ಲ. ಕ್ಯಾಪ್, ರೋಟರ್, ರಿಂಗ್, ವೈರ್ ಸೆಟ್ ಹಾಕಿದೆ, ವೈರುಗಳನ್ನು ಕ್ಲಿಪ್ಪಿಗೆ ಕೂರಿಸಿದೆ. ರಾತ್ರಿ ಮತ್ತೆ ಸ್ಪ್ರೇ ಹೊಡೆದು ನೋಡಿದೆ, ಒಂದು ಕಿಡಿಯೂ ಇಲ್ಲ, ಇಂಜಿನ್ ಅಲುಗಾಡಲಿಲ್ಲ. ಕಾಯಿಲ್ ಹಳೆಯದೇ.