ಸಹಾಯ ಬೇಕು: 'ಸೆಟ್' ಪದವನ್ನು ಮಕ್ಕಳಿಗೆ ಹೇಗೆ ಹೇಳಿಕೊಡಲಿ?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿಕೊಡುತ್ತೇನೆ. ಈಗ 'ಸೆಟ್' ಹತ್ತಿರ ಬಂದು ಸಿಕ್ಕಿಬಿದ್ದಿದ್ದೇವೆ.

ತೋಟದ ಪಂಪ್‌ಸೆಟ್, ಹೋಟೆಲಿನ ಸೆಟ್ ದೋಸೆ ಎಲ್ಲರಿಗೂ ಗೊತ್ತು. ಗಣಿತದಲ್ಲಿ ಅದು ಗಣ. ಇಷ್ಟು ಸಲೀಸು. ಕ್ರಿಯಾಪದ ಆದಾಗಲೇ ತಲೆನೋವು. ಸೂರ್ಯ ಸೆಟ್ ಆದರೆ ಮುಳುಗಿದ, ಸಿಮೆಂಟ್ ಸೆಟ್ ಆದರೆ ಗಟ್ಟಿಯಾಯಿತು, ಅಲಾರಂ ಸೆಟ್ ಮಾಡಿದರೆ ಇಟ್ಟೆವು. ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇರುವುದು ಇದಕ್ಕೇ. ಪಾಪ, ಮಕ್ಕಳು ಏನು ಮಾಡಬೇಕು!

ಸಮಾನ ಪದ ಕೇಳಿದರೆ ಪುಟ್, ಫಿಕ್ಸ್ ಅಂತ ಸುಮ್ನೆ ಬರೆಸಬಹುದು. ಆದರೆ ಸೂರ್ಯನಿಗೆ ಅದು ಹೊಂದುವುದಿಲ್ಲ ಅಲ್ವಾ?

ಹಿಂದೆ ಇನ್, ಆಫ್ ಸೇರಿದರೆ ಇನ್ನೂ ಜಾಸ್ತಿ ಕಷ್ಟ. 'ಮಾನ್ಸೂನ್ ಸೆಟ್ ಇನ್' ಅಂದರೆ 'ಮಳೆ ಹಿಡಿಯಿತು' ಅಂದೆ, ಕೂಡಲೇ ಅರ್ಥವಾಯಿತು. 'ಸೆಟ್ ಆಫ್' ಅಂದರೆ 'ಹೊರಟರು' ಅಂದೆ. ಮುಂದಿನ ವಾಕ್ಯದಲ್ಲಿ ಪಟಾಕಿ 'ಸೆಟ್ ಆಫ್' ಮಾಡುವುದು ಬಂತು, ಅಂದರೆ ಸಿಡಿಸುವುದು. "ಪಟಾಕಿ ಎಲ್ಲಿಗೆ ಹೊರಟದ್ದು ಟೀಚರ್?" ಅಂತ ಒಬ್ಬ ಕೇಳಿದ.

ಇಲ್ಲಿ ಇಂಗ್ಲಿಷ್–ಮಲಯಾಳ ನಿಘಂಟು ಸುಲಭವಾಗಿ ಸಿಗುತ್ತದೆ. ವಾಕ್ಯಗಳ ಉದಾಹರಣೆ ಇರುವ ಇಂಗ್ಲಿಷ್–ಕನ್ನಡ ನಿಘಂಟು ಯಾರಲ್ಲಾದರೂ ಇದ್ದರೆ ಹೆಸರು ತಿಳಿಸಿ. 'ಸೆಟ್ ಅಪ್', 'ಸೆಟ್ ಅಸೈಡ್', 'ಸೆಟ್ ಬ್ಯಾಕ್'ಗೆ ಆಡುಮಾತಿನ ಒಂದೊಂದು ವಾಕ್ಯ ಬರೆದರೂ ಸಾಕು. ಭಾನುವಾರದ ಒಳಗೆ ಸಿಕ್ಕಿದರೆ ಉಪಕಾರ.